ನಲಿ-ಕಲಿ ಕೊಠಡಿ: ಸುಣ್ಣಕ್ಕೆ ಟೇಪ್ ಹಿಡಿಯಲ್ಲ, ಗಾಳಿಗೆ ಚಾರ್ಟ್ ನಿಲ್ಲಲ್ಲ

ಬಯಲುಸೀಮೆ_ಟೀಚರ್:
ಹೊಸದುರ್ಗ ತಾಲ್ಲೂಕಿನ ಶಾಲೆ, ನಲಿ-ಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಗುಂಪುಗಳಲ್ಲಿ ಕಲಿಯುವ ಪದ್ಧತಿ). ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೊಠಡಿ, 26 ಮಕ್ಕಳು. ಅಳತೆ 20×18 ಅಡಿ, ಪಡುವಣಕ್ಕೆ ಎರಡು ಕಿಟಕಿ, ಸುಣ್ಣದ ಗೋಡೆ. ಜೂನ್ ಗಾಳಿ ಶುರುವಾದರೆ ಚಾರ್ಟ್‌ಗಳೆಲ್ಲ ಹರಿದು ನೆಲಕ್ಕೆ. ಶಾಲೆ ತೆರೆಯುವ ಮುಂಚೆ ಚಾರ್ಟ್, ಚಪ್ಪರ (ಮಕ್ಕಳ ಕೆಲಸ ತೂಗುಹಾಕಲು ತಲೆ ಮೇಲೆ ಕಟ್ಟುವ ಸಾಲುಗಳು), ಗೋಡೆಯ ಕೆಳಭಾಗಕ್ಕೆ ಬಳಿಯುವ ಮಕ್ಕಳ ಕಪ್ಪುಹಲಗೆ ಮೂರನ್ನೂ ಸರಿಮಾಡಬೇಕು. ಗೋಡೆ ತುಂಬ ಚಿತ್ರ ಬರೆಸೋಣ ಅಂತ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರ ಆಸೆ. ಬಲ್ಲವರು ಹೇಳಿ.

ಜೋಗಿಮಟ್ಟಿ_ಮೇಷ್ಟ್ರು:
ಮೇಡಂ, ಟೇಪಿನದೇನೂ ತಪ್ಪಿಲ್ಲ. ಅದು ಹಿಡಿಯೋದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನ. ಎಳೆದರೆ ಪುಡಿ ಸಮೇತ ಬರುತ್ತೆ. ಡಬಲ್ ಸೈಡ್ ಟೇಪಿಗೆ ದುಡ್ಡು ಹಾಕಬೇಡಿ.

ಗೋಡೆ ಉದ್ದಕ್ಕೆ ಎರಡು ಸಾಲು ಸುತಲಿ ಬಿಗಿಯಾಗಿ ಕಟ್ಟಿ. ನಾಲ್ಕಡಿಗೊಂದು ಪ್ಲಗ್, ಸ್ಕ್ರೂ ಇರಲಿ. ಬರೀ ಮೊಳೆ ಹೊಡೆದರೆ ಸುಣ್ಣದ ಗಾರೆ ಉದುರಿ ಸಡಿಲವಾಗುತ್ತೆ. ಪೂರ್ತಿ ಡ್ರಾಯಿಂಗ್ ಶೀಟ್ 22×28 ಇಂಚು. ಅಡ್ಡ ಹಾಕೋದಾದರೆ ದಾರಗಳ ನಡುವೆ 20 ಇಂಚು ಬಿಡಿ, ಮೇಲೆ ಕೆಳಗೆ ಒಂದೊಂದಿಂಚು ಕ್ಲಿಪ್ಪಿಗೆ ಸಿಗುತ್ತೆ. ಕೆಳಗಿನ ದಾರ ನೆಲದಿಂದ ಮೂರೂಕಾಲು ಅಡಿಗೆ. ಮೇಲೆರಡು, ಕೆಳಗೆರಡು ಬಟ್ಟೆ ಕ್ಲಿಪ್. ಮೇಲೆ ಮಾತ್ರ ಸಿಕ್ಕಿಸಿದ ಚಾರ್ಟ್ ಪಟಪಟ ಬಡಿದುಕೊಂಡು ಕ್ಲಿಪ್ ಕಚ್ಚಿದ ಮೂಲೆಯಲ್ಲೇ ಹರಿಯೋದು. ಆ ನಾಲ್ಕು ಮೂಲೆಗಳ ಹಿಂದೆ ಸೆಲೋಟೇಪ್ ತುಂಡು ಅಂಟಿಸಿ.

ನಮ್ಮ ದುರ್ಗದ ಕಡೆ ಮುಂಗಾರಿನ ಗಾಳಿ ಪಡುವಣದಿಂದಲೇ ನುಗ್ಗೋದು (ಸುಮ್ಮನೆ ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟಿಲ್ಲ!). ಹಾಗಾಗಿ ಕಿಟಕಿಗೆ ಎದುರಿನ ಮೂಡಣ ಗೋಡೆಗೆ ಕಾಗದ ಬೇಡ, ಉತ್ತರ ದಕ್ಷಿಣದ ಗೋಡೆ ಬಳಸಿ.

ಹರಿಹರ_ಟೀಚರ್:
ಚಪ್ಪರದ ವಿಷಯ. ನೈಲಾನ್ ಹಗ್ಗ ಎರಡು ತಿಂಗಳಿಗೆ ಜೋಲುತ್ತೆ. 14 ಗೇಜ್ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ತನ್ನಿ. 18 ಅಡಿಯ ನಾಲ್ಕು ಸಾಲಿಗೆ 72 ಅಡಿ, ಕೊಕ್ಕೆಗೆ ಸುತ್ತೋದಕ್ಕೂ ಸೇರಿ 80 ಅಡಿ ಆದರೆ ಸಾಕು. ಎತ್ತರ ಏಳು ಅಡಿ. ಒಂದು ತುದಿಗೆ ಟರ್ನ್‌ಬಕಲ್ ಹಾಕಿಸಿದರೆ ಜೋತಾಗ ತಿರುಗಿಸಿ ಬಿಗಿ ಮಾಡಬಹುದು. ತಂತಿಯನ್ನ ವೈರಿಂಗ್ ಪೈಪಿಗೆ ಕಟ್ಟಲೇಬೇಡಿ. ಫ್ಯಾನಿನ ಕೆಳಗೆ ಸುತ್ತ ನಾಲ್ಕಡಿ ಏನೂ ತೂಗುಹಾಕಬಾರದು. ಮೊದಲ ದಿನ ಚಪ್ಪರ ಖಾಲಿಯೇ ಇರಲಿ. ಅಂಗಡಿಯ ಬಣ್ಣದ ಕಾಗದ ಬೇಡ, ಚಪ್ಪರ ಮಕ್ಕಳ ಕೆಲಸಕ್ಕೆ ಮೀಸಲು.

ಕಪ್ಪುಹಲಗೆ: ನೆಲದಿಂದ ಒಂದಡಿ ಬಿಟ್ಟು ಮೂರಡಿವರೆಗೆ. ಮಗುವಿಗೆ ಎರಡಡಿ ಅಗಲದಂತೆ 26 ಮಕ್ಕಳಿಗೆ 52 ಅಡಿ. ಕೊಠಡಿಯ ಸುತ್ತಳತೆ 76. ಬಾಗಿಲು, ದೊಡ್ಡ ಬೋರ್ಡು, ಬೀರು, ಕಾರ್ಡಿನ ರ‍್ಯಾಕು ಕಳೆದರೂ ಹೊಂದುತ್ತೆ. ಸುಣ್ಣದ ಮೇಲೆಯೇ ಪೇಂಟ್ ಬಳಿದರೆ ದಸರಾ ಹೊತ್ತಿಗೆ ಚಕ್ಕೆ ಏಳುತ್ತೆ. ಕೆರೆದು, ಮರಳುಕಾಗದ ಉಜ್ಜಿ, ಒಂದು ಕೋಟ್ ಪ್ರೈಮರ್, ಆಮೇಲೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಕೋಟ್. ಹೊಳೆಯುವ ಆಯಿಲ್ ಪೇಂಟ್ ಬೇಡ, ಬಳಪ ಜಾರುತ್ತೆ. ಪೂರ್ತಿ ಒಣಗಿದ ಮೇಲೆ ಬಳಪವನ್ನ ಅಡ್ಡಲಾಗಿ ಹಿಡಿದು ಇಡೀ ಹಲಗೆಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಮೊದಲು ಬರೆದ ಅಕ್ಷರದ ಗುರುತು ಹೋಗೋದೇ ಇಲ್ಲ. ವಾಸನೆ ಹೋಗಲು ಶಾಲೆ ತೆರೆಯುವ ಒಂದು ವಾರ ಮೊದಲೇ ಮುಗಿಸಿ.

ಬೆಣ್ಣೆನಗರಿ:
ಗೋಡೆ ತುಂಬ ಚಿತ್ರ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳನ್ನ ಎರಡು ಬಗೆಯ ಕೊಠಡಿಯಲ್ಲಿ ಕೂರಿಸಿ ನೋಡಿದ್ದರು. ಅಲಂಕಾರ ತುಂಬಿದ ಕೊಠಡಿಯಲ್ಲಿ ಮಕ್ಕಳ ಗಮನ 38.6% ಸಮಯ ಪಾಠದಿಂದ ಆಚೆ ಇತ್ತು, ಬರೀ ಗೋಡೆಯ ಕೊಠಡಿಯಲ್ಲಿ 28.4%. ಸರಿಯುತ್ತರವೂ 42% ಮತ್ತು 55%. ಮಕ್ಕಳು 24 ಮಂದಿಯಷ್ಟೇ, ಅದನ್ನೇ ವೇದವಾಕ್ಯ ಮಾಡಬೇಕಿಲ್ಲ. ಆದರೂ ದೊಡ್ಡ ಬೋರ್ಡಿನ ಅಕ್ಕಪಕ್ಕ ನಾಲ್ಕು ನಾಲ್ಕಡಿ ಖಾಲಿ ಬಿಡಿಸಿ. ಎಸ್‌ಡಿಎಂಸಿಯವರ ಚಿತ್ರದ ಆಸೆಗೆ ಹೊರಗೋಡೆ, ಜಗುಲಿ ಇದ್ದೇ ಇವೆ.

ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನ ಮೆಟ್ಟಿಲುಗಳಾಗಿ ತೋರಿಸುವ ಚಾರ್ಟ್) ಮಗು ಬೆರಳಿಟ್ಟು ತನ್ನ ಮೆಟ್ಟಿಲು ತೋರಿಸಬೇಕು. ಅದರ ಬುಡ ಎರಡಡಿಗೇ ಇರಲಿ, ಅಷ್ಟು ಜಾಗದಲ್ಲಿ ಕಪ್ಪುಹಲಗೆ ತುಂಡಾದರೂ ಚಿಂತೆಯಿಲ್ಲ. ಹವಾಮಾನ ನಕ್ಷೆ ಬಾಗಿಲ ಪಕ್ಕ, ಆಕಾಶ ನೋಡಿ ಬಂದು ತುಂಬಲಿಕ್ಕೆ. ನಲಿ-ಕಲಿಯ ಐದು ಗುಂಪುಗಳಲ್ಲಿ ಶಿಕ್ಷಕರ ಸಂಪೂರ್ಣ ಬೆಂಬಲಿತ ಗುಂಪು (ಟೀಚರ್ ಜೊತೆಗೇ ಕೂತು ಕಲಿಯುವ ಮಕ್ಕಳು) ಬಾಗಿಲಿಂದ ದೂರದ ಮೂಲೆಗೆ, ನೀವು ಗೋಡೆಗೆ ಬೆನ್ನು ಕೊಟ್ಟು ಕೂತರೆ ಉಳಿದ ನಾಲ್ಕೂ ಗುಂಪು ಕಣ್ಣಿಗೆ ಬೀಳುತ್ತವೆ. ಕಾರ್ಡಿನ ರ‍್ಯಾಕಿನ ಮುಂದೆ ಮೂರಡಿ ದಾರಿ ಬಿಡದಿದ್ದರೆ ದಿನಾ ನೂಕುನುಗ್ಗಲು.

ಬಯಲುಸೀಮೆ_ಟೀಚರ್:
ಧನ್ಯವಾದ ಸರ್, ಮೇಡಂ. ರ‍್ಯಾಕು ಮರದ್ದು, ನಮ್ಮಲ್ಲಿ ಗೆದ್ದಲು ಜಾಸ್ತಿ.

ಜೋಗಿಮಟ್ಟಿ_ಮೇಷ್ಟ್ರು:
ಗೋಡೆಯಿಂದ ಎರಡಿಂಚು ಈಚೆಗೆ ಎಳೆದು, ಕಾಲಿನಡಿ ಕಡಪ ಕಲ್ಲಿನ ತುಂಡು ಇಡಿ. ಹಿಂದೆ ಮಣ್ಣಿನ ಗೆರೆ ಎದ್ದರೆ ಕಾಣುವಷ್ಟು ಸಂದಿ ಬೇಕು. ಕೆಳಗಿನ ಅಂತಸ್ತಿನ ಕಾರ್ಡುಗಳನ್ನ ಪ್ಲಾಸ್ಟಿಕ್ ಟ್ರೇಯಲ್ಲೇ ಇಡಿ, ಬೇಸಿಗೆ ರಜೆಗೆ ಮುಂಚೆ ಅವನ್ನ ಕಬ್ಬಿಣದ ಬೀರುವಿಗೆ ಸಾಗಿಸಿ.