ಒಂದೇ ಡೇಟಾ, ಎರಡು ಕ್ವಾರ್ಟೈಲ್: ಗ್ರಂಥಾಲಯದ ಉತ್ತರಗಳು ತಾಳೆಯಾಗುತ್ತಿಲ್ಲ

ಪದವಿ_ಪಾಠ:
ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ಡಿಗ್ರಿ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲವರು ಸೇರಿ ನೋಟ್ಸ್, ಡೇಟಾ ಫೈಲ್, ಬಿಡಿಸಿದ ಲೆಕ್ಕ ಎಲ್ಲವೂ ಒಂದೇ ಕಡೆ ಸಿಗುವ ಆನ್‌ಲೈನ್ ಗ್ರಂಥಾಲಯ ಕಟ್ಟುತ್ತಿದ್ದೇವೆ. ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ಡೇಟಾ: 12, 15, 17, 20, 22, 25, 28, 31. ನೋಟ್ಸ್ ಪ್ರಕಾರ ಮೊದಲ ಕ್ವಾರ್ಟೈಲ್ (ಏರಿಕೆ ಕ್ರಮದಲ್ಲಿಟ್ಟ ಅಂಕಿಗಳಲ್ಲಿ ಕೆಳಗಿನ ಕಾಲು ಭಾಗ ಮುಗಿಯುವ ಬೆಲೆ) 15.5. ಎಕ್ಸೆಲ್‌ನ ಮಾಮೂಲಿ ಕ್ವಾರ್ಟೈಲ್ ಫಂಕ್ಷನ್ 16.5 ಕೊಡುತ್ತದೆ, ಆರ್ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕೂಡ 16.5. ಯಾವುದಕ್ಕೆ ಅಂಕ ಕೊಡುತ್ತೀರಿ ಅಂತ ಮಕ್ಕಳು ಕೇಳುತ್ತಿದ್ದಾರೆ. ನೋಟ್ಸ್ ತಿದ್ದಬೇಕಾ?

ಇನ್ನೊಂದು ತೊಂದರೆ: ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲ್‌ನಲ್ಲಿ 5-10 ಅಂತಿರುವ ವರ್ಗಾಂತರ ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಅಕ್ಟೋಬರ್ 5 ಆಗುತ್ತದೆ. ಕನ್ನಡದ ತಲೆಬರಹಗಳಂತೂ ಓದಲಿಕ್ಕೇ ಬರುವುದಿಲ್ಲ.

ಮಧ್ಯಾಂಕ:
ಮೇಡಂ, ದಯವಿಟ್ಟು ನೋಟ್ಸ್ ತಿದ್ದಬೇಡಿ. ಎರಡು ಉತ್ತರವೂ ಸರಿ, ವಿಧಾನ ಬೇರೆ ಅಷ್ಟೆ. ನಿಮ್ಮ ನೋಟ್ಸ್ ಬಳಸಿರುವುದು (ಎನ್+1)/4; ಎನ್ ಅಂದರೆ ಒಟ್ಟು ಎಷ್ಟು ಅಂಕಿಗಳಿವೆ ಅನ್ನುವುದು. ಎಂಟು ಅಂಕಿಗಳಿಗೆ ಅದು 2.25ನೇ ಸ್ಥಾನ, 15ರಿಂದ 17ರ ಕಡೆಗೆ ಕಾಲು ಭಾಗ ಸರಿದರೆ 15.5. ಎಕ್ಸೆಲ್‌ನ ಹಳೆಯ ಫಂಕ್ಷನ್ (ಎನ್-1)/4ಕ್ಕೆ 1 ಕೂಡಿಸುತ್ತದೆ, ಅಂದರೆ 2.75ನೇ ಸ್ಥಾನ. ಅಲ್ಲಿಗೆ 16.5.

ಎಕ್ಸೆಲ್ 2010ರಿಂದ ಎರಡೂ ಇವೆ: ಕ್ವಾರ್ಟೈಲ್.ಐಎನ್‌ಸಿ ಮತ್ತು ಕ್ವಾರ್ಟೈಲ್.ಇಎಕ್ಸ್‌ಸಿ. ಎರಡನೆಯದನ್ನು ಹಾಕಿ ನೋಡಿ, ನೋಟ್ಸ್‌ನ ಉತ್ತರವೇ ಬರುತ್ತದೆ. ಆರ್‌ನಲ್ಲಿ ಕ್ವಾಂಟೈಲ್ ಫಂಕ್ಷನ್‌ಗೆ ಟೈಪ್ 6 ಅಂತ ಹೇಳಬೇಕು; ಸುಮ್ಮನೆ ಬಿಟ್ಟರೆ ಅದು ಟೈಪ್ 7 ಹಿಡಿಯುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಹೈಂಡ್‌ಮನ್ ಮತ್ತು ಫ್ಯಾನ್ 1996ರಲ್ಲಿ ಇಂಥ ಒಂಬತ್ತು ವಿಧಾನಗಳನ್ನು ವಿಂಗಡಿಸಿದರು, ಆರ್‌ನಲ್ಲಿ ಒಂಬತ್ತೂ ಸಿಗುತ್ತವೆ.

ಅಂಕದ ವಿಷಯ: ಪ್ರಶ್ನೆಯಲ್ಲೇ ವಿಧಾನ ಹೇಳಿಬಿಡಿ. ಹೇಳದಿದ್ದರೆ ಎರಡಕ್ಕೂ ಪೂರ್ತಿ ಅಂಕ ಕೊಡುವುದೇ ನ್ಯಾಯ. ಕಂಪ್ಯೂಟರ್‌ನಲ್ಲಿ ತಾಳೆ ನೋಡಿದ ಹುಡುಗನಿಗೆ ಅಂಕ ಕಡಿತವಾಗಬಾರದು.

ಪದವಿ_ಪಾಠ:
ಬಂತು ಸರ್! ಮೂರನೇ ಕ್ವಾರ್ಟೈಲ್ ಕೂಡ 27.25, ನೋಟ್ಸ್‌ನಲ್ಲಿರುವ ಹಾಗೇ. ಹಳೆಯ ಫಂಕ್ಷನ್‌ನಲ್ಲಿ 25.75 ಬರುತ್ತಿತ್ತು. ಅಂದರೆ ಇವೆರಡರ ಅಂತರ ಒಂದರಲ್ಲಿ 11.75, ಇನ್ನೊಂದರಲ್ಲಿ 9.25. ಕ್ವಾರ್ಟೈಲ್‌ಗಳನ್ನು ಪೆಟ್ಟಿಗೆಯಾಗಿ ತೋರಿಸುವ ಬಾಕ್ಸ್ ಪ್ಲಾಟೇ ಬೇರೆಯಾಗಿ ಕಾಣುತ್ತದಲ್ಲ!

ಮಧ್ಯಾಂಕ:
ಹೌದು. ಅಂಕಿಗಳು ಕಡಿಮೆ ಇದ್ದಾಗಲೇ ಈ ವ್ಯತ್ಯಾಸ ಎದ್ದು ಕಾಣುವುದು, ಸಾವಿರಗಟ್ಟಲೆ ಇದ್ದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಕ್ಲಾಸಿನಲ್ಲಿ ಕೊಡುವ ಲೆಕ್ಕಗಳೆಲ್ಲ ಚಿಕ್ಕವು, ಹಾಗಾಗಿ ಪೆಟ್ಟು ಬೀಳುವುದು ನಮಗೇ.

ವೇರಿಯನ್ಸ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಲೆಕ್ಕಗಳನ್ನೂ ಈಗಲೇ ನೋಡಿಬಿಡಿ. ಆರ್ ಯಾವಾಗಲೂ ಎನ್-1ರಿಂದ ಭಾಗಿಸುತ್ತದೆ, ಎಷ್ಟೋ ನೋಟ್ಸ್‌ಗಳಲ್ಲಿ ಎನ್‌ನಿಂದ ಭಾಗಿಸಿರುತ್ತಾರೆ. ಪ್ರತಿ ಲೆಕ್ಕದ ಕೆಳಗೂ ವಿಧಾನ, ಸಾಫ್ಟ್‌ವೇರ್, ವರ್ಷನ್ ಇಷ್ಟನ್ನು ಬರೆಯಿರಿ. ಫೈಲ್ ಸೇರಿಸುವ ಫಾರ್ಮ್‌ನಲ್ಲಿ ಇವನ್ನು ತುಂಬದೆ ಮುಂದೆ ಹೋಗಲು ಬರದ ಹಾಗೆ ಮಾಡಿ. ಆಮೇಲೆ ಬರೆಯೋಣ ಅಂತ ಬಿಟ್ಟರೆ ಯಾರೂ ಬರೆಯುವುದಿಲ್ಲ.

ಸಿಎಸ್‌ವಿ_ಗೆಳೆಯ:
ತಾರೀಖಿನ ಸಮಸ್ಯೆ ನಿಮಗೊಬ್ಬರಿಗೇ ಅಲ್ಲ ಮೇಡಂ. ಎಕ್ಸೆಲ್ ತಾರೀಖು ಮಾಡಿಬಿಡುತ್ತದೆ ಅನ್ನುವ ಕಾರಣಕ್ಕೇ ಮಾರ್ಚ್1, ಸೆಪ್ಟ್1ರಂಥ ಮನುಷ್ಯರ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು, 2020ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಡೇಟಾ ಮೆನುವಿನಿಂದ ಒಳಗೆ ತಂದು, ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತಿಸಿ. ಆದರೆ ಮಕ್ಕಳು ಡಬಲ್ ಕ್ಲಿಕ್ಕೇ ಮಾಡುವುದು, ಆದ್ದರಿಂದ ಕೆಳಮಿತಿ ಒಂದು ಕಾಲಂ, ಮೇಲ್ಮಿತಿ ಇನ್ನೊಂದು ಕಾಲಂ ಅಂತ ಬಿಡಿಸಿಡುವುದು ಒಳ್ಳೆಯದು. ಮಧ್ಯಬಿಂದು ತೆಗೆಯುವುದೂ ಸಲೀಸು. 5-10 ಅನ್ನುವುದು ತಾರೀಖಾಗಿ ಬದಲಾದ ಮೇಲೆ ಸೇವ್ ಮಾಡಿದ ಫೈಲ್‌ನಲ್ಲಿ ಮೂಲ ಉಳಿದಿರುವುದಿಲ್ಲ, ಕಳಿಸಿದವರಿಂದ ಮತ್ತೆ ತರಿಸಿಕೊಳ್ಳಿ. ಕನ್ನಡಕ್ಕೆ, ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿದರೆ ಸಾಕು.

ಹೊರಗಿನ ಪಾಠಗಳನ್ನು ಕನ್ನಡಕ್ಕೆ ತಂದು ಹಾಕುವ ಯೋಚನೆ ಇದ್ದರೆ ಲೈಸೆನ್ಸ್ ನೋಡಿಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್‌ಗಳಲ್ಲಿ 'ಎನ್‌ಡಿ' (ಬದಲಾಯಿಸಿ ಹಂಚುವಂತಿಲ್ಲ) ಅಂತಿದ್ದರೆ ಅನುವಾದ ಮಾಡಿ ಹಂಚುವಂತಿಲ್ಲ, ಬರೆದವರ ಒಪ್ಪಿಗೆ ಬೇಕು. 'ಬಿವೈ' (ಬರೆದವರ ಹೆಸರು ಹೇಳಬೇಕು) ಮಾತ್ರ ಇದ್ದರೆ ಬರೆದವರ ಹೆಸರು, ಲೈಸೆನ್ಸ್, ಏನು ಬದಲಾಯಿಸಿದಿರಿ ಅನ್ನುವುದನ್ನು ತಿಳಿಸಿ ಧಾರಾಳವಾಗಿ ಬಳಸಬಹುದು.

ಪದವಿ_ಪಾಠ:
ಇಬ್ಬರಿಗೂ ತುಂಬಾ ಧನ್ಯವಾದ. ಫಾರ್ಮ್‌ನಲ್ಲಿ ವಿಧಾನದ ಜೊತೆ ಲೈಸೆನ್ಸ್‌ಗೂ ಒಂದು ಕಾಲಂ ಸೇರಿಸುತ್ತಿದ್ದೇನೆ. ವೇರಿಯನ್ಸ್ ಲೆಕ್ಕಗಳನ್ನು ನೋಡಿ ಮುಗಿಸಿದ ಮೇಲೆ ಇಲ್ಲೇ ತಿಳಿಸುತ್ತೇನೆ.