ಭಾರ ಎತ್ತಿದ್ರ ನಡ ದಪ್ಪ ಆಗ್ತದೇನ್ರಿ? ಅನುಭವ ಇದ್ದವರು ಹೇಳ್ರಿ

ಸೇಡಂ ರಸ್ತೆ ಹುಡುಗ:
ಎಲ್ಲರಿಗೂ ನಮಸ್ಕಾರ. ವಯಸ್ಸು 31, ತೂಕ 79, ಊರು ಕಲಬುರಗಿ. ಐದು ತಿಂಗಳಾತು, ಸ್ಕ್ವಾಟ್ (ಹೆಗಲ ಮ್ಯಾಲ ಭಾರ ಇಟ್ಟು ಕೂತು ಏಳೋದು), ಡೆಡ್‌ಲಿಫ್ಟ್ (ನೆಲದ ಮ್ಯಾಲಿನ ಭಾರ ಎತ್ತಿ ನೆಟ್ಟಗ ನಿಲ್ಲೋದು) ಜೋರು ಮಾಡ್ಲಾಕತ್ತೀನಿ. ಸ್ಕ್ವಾಟ್ 100 ಕೆಜಿಗೆ ಬಂದದ. ತೊಡಿ, ಬೆನ್ನು ತುಂಬ್ಯಾವ. ಆದ್ರ ನಡ 36 ಇಂಚು ಇದ್ದದ್ದು 36½ ಆಗ್ಯದ. "ಭಾರ ಎತ್ತಿದ್ರ ನಡ ಡ್ರಮ್ ಆಗ್ತದ, ಬಿಟ್ಟುಬಿಡು" ಅಂತ ಜಿಮ್‌ದಾಗ ಒಬ್ಬರು ಅಂದ್ರು. ಫೆಬ್ರವರಿದಾಗ ಮದುವಿ ಅದ. ಬಿಡ್ಲೋ, ಮುಂದುವರಿಸ್ಲೋ?

ಎರಡು ಮಕ್ಕಳ ತಾಯಿ:
ತಮ್ಮಾ, ನಂದು ಕೇಳು. ಎರಡನೇ ಬಾಣಂತನ ಆದ ಮ್ಯಾಲ ಹೊಟ್ಟಿ ನಡುವಿನ ಸ್ನಾಯು ಎರಡು ಬೆರಳಷ್ಟು ಬಿಟ್ಟುಕೊಂಡಿತ್ತು. ಮಲಗಿ ತಲಿ ಎತ್ತಿದ್ರ ಹೊಕ್ಕಳ ಮ್ಯಾಲ ಗುಡ್ಡ ಎದ್ದಂಗ ಉಬ್ಬುತಿತ್ತು. "ಬಟ್ಟಿ ಬಿಗಿದು ಕಟ್ಟು, ಅಪ್ಪನ ಕೆರಿ ಸುತ್ತು ಹಾಕು" ಅಂದ್ರು ಎಲ್ಲರೂ. ಹತ್ತು ತಿಂಗಳು ಸುತ್ತೀನಿ. ನಡ 37 ಇದ್ದದ್ದು 37ರಾಗೇ ಉಳೀತು. ಆಮ್ಯಾಲ ಫಿಸಿಯೋ ಕಡೆ 12 ಸಲ ಹೋದೆ, ಒಂದು ಸಲಕ್ಕ 400 ರೂಪಾಯಿ, ಆಟೋ ಬ್ಯಾರೆ. ಉಸುರು ಬಿಡ್ತಾ ಹೊಟ್ಟಿ ಬಿಗಿ ಹಿಡಿಯೋದು ಕಲಿತ ಮ್ಯಾಲೇ 5 ಕೆಜಿ ಡಂಬೆಲ್ ಮುಟ್ಟೀನಿ. ಈಗ 14 ತಿಂಗಳು, ಡೆಡ್‌ಲಿಫ್ಟ್ 60 ಕೆಜಿ. ತೂಕ 68 ಇದ್ದದ್ದು 66, ಬರೇ ಎರಡು ಕೆಜಿ ಇಳದದ. ನಡ 33! ತೋಳು, ಭುಜ ಬಂದದ್ದಕ್ಕ ಒಂಬತ್ತು ಜಂಪರ್ ಬಿಚ್ಚಿ ಹೊಲಿಸೀನಿ, ಒಂದಕ್ಕ 70 ರೂಪಾಯಿ. ರೇಷ್ಮಿದು ಎರಡಕ್ಕ ಒಳಗ ಬಟ್ಟಿನೇ ಬಿಟ್ಟಿರಲಿಲ್ಲ, ಅವು ಪೆಟ್ಟಿಗಿ ಸೇರಿದ್ವು. "ಗಂಡಸರ ಭುಜ ಬಂದಾವ" ಅಂತ ಅತ್ತಿಯವರು ಆರು ತಿಂಗಳು ಅಂದ್ರು. ನಾ ಬಿಡ್ಲಿಲ್ಲ, ಬಿಡೂದೂ ಇಲ್ಲ.

ಆಳಂದ ನಾಕಾ:
ಎಲ್ಲರೂ ಎತ್ತು ಎತ್ತು ಅಂತೀರಿ. ಬಿದ್ದವರ ಮಾತೂ ಕೇಳ್ರಿ. 2022ರಾಗ ನಾ 140 ಕೆಜಿ ಡೆಡ್‌ಲಿಫ್ಟ್ ಹಿಡದೆ. ಅವತ್ತು ಏನೂ ಆಗ್ಲಿಲ್ಲ. ಮೂರು ದಿನದ ಮ್ಯಾಲ ಸ್ನಾನ ಮಾಡುಮುಂದ ಬಲಗಡೆ ತೊಡಿಸಂದಿಯೊಳಗ ಲಿಂಬಿಹಣ್ಣಿನಷ್ಟು ಗಂಟು ಕೈಗೆ ಹತ್ತಿತು. ಮಲಗಿದ್ರ ಒಳಗ ಹೋಗ್ತಿತ್ತು, ಕೆಮ್ಮಿದ್ರ ಹೊರಗ ಬರ್ತಿತ್ತು. ಹರ್ನಿಯಾ. ಆಪರೇಷನ್, ಒಳಗ ಜಾಳಿಗಿ ಹಾಕೋದು, ರೂಮು ಸೇರಿ 62,000. ರಕ್ತ, ಸ್ಕ್ಯಾನಿಂಗ್ 3,400. ಔಷಧಿ 2,750. ಆರು ವಾರ ರಜಾ, ಅದರಾಗ ಎರಡು ವಾರ ಪಗಾರ ಕಟ್. ಕೂತು ಕೂತು ನಡ 34 ಇದ್ದದ್ದು 38. ಜಿಮ್‌ಗೆ ವರ್ಷದ್ದು ಒಮ್ಮೆಲೆ ಕಟ್ಟಿದ್ದೆ, 11,000, ಅವರು ಒಂದು ಪೈಸೆ ವಾಪಸ್ ಕೊಡ್ಲಿಲ್ಲ. ಹುಡುಗಾ, ಮದುವಿ ಮುಂದಿಟ್ಕೊಂಡು ಇದನ್ನ ಮಾಡಬ್ಯಾಡ.

ಎರಡು ಮಕ್ಕಳ ತಾಯಿ:
ಅಣ್ಣಾರ, ನಿಮಗಾದದ್ದಕ್ಕ ಬ್ಯಾಸರ ಅದ. ಆದ್ರ ಹರ್ನಿಯಾ ಹಳೇ ಕೆಮ್ಮಿನಿಂದನೂ ಬರ್ತದ, ಮಲಬದ್ಧತಿಯಿಂದನೂ ಬರ್ತದ. ಎಷ್ಟು ತಿಂಗಳಿಗೆ 140ಕ್ಕ ಹೋದ್ರಿ, ಅದನ್ನ ಹೇಳ್ರಿ ಮೊದಲ.

ಆಳಂದ ನಾಕಾ:
ನಾಕು ತಿಂಗಳು. ಅದಕ್ಕೇನೀಗ? ಹೊಟ್ಟಿ ಕೊಯ್ಸಿಕೊಂಡವ ನಾ, ಲೆಕ್ಕ ಕೇಳೋರು ನೀವಾ?

ಎರಡು ಮಕ್ಕಳ ತಾಯಿ:
ನಂದೂ ಎರಡು ಸಲ ಕೊಯ್ದಾರ ಅಣ್ಣಾರ. ಅದಕ್ಕೇ ಕೇಳಿದೆ.

ತಾಲೀಮ್ ಕಾಕಾ:
ನನಗ 57. ನಮ್ಮ ಓಣಿ ತಾಲೀಮ್‌ದಾಗ, ಅಂದ್ರ ಗರಡಿಮನ್ಯಾಗ, ದಿನಾ 300 ಬೈಠಕ್, 200 ದಂಡ ಹೊಡದೀನಿ. ಜಾತ್ರ್ಯಾಗ ಗುಂಡು ಎತ್ತೀನಿ, ಸಂಗ್ರಾಣಿ ಕಲ್ಲಿಗೂ ಕೈ ಹಾಕೀನಿ. ಗುಂಡು ಎದಿಗೆ ತಬ್ಬಿ ಮ್ಯಾಲೇಳುಮುಂದ ಎಲ್ಲಾ ಭಾರ ನಡದ ಮ್ಯಾಲೇ ಬೀಳ್ತದ, ಗಲ್ಲಕ್ಕ ಕಲ್ಲಿನ ಗೀರು ಬೀಳ್ತಿದ್ವು. ನಮ್ಮ ಉಸ್ತಾದರ ನಡ ಕಂಬದಂಗಿತ್ತು, 60 ದಾಟಿದ್ರೂ ಟೊಂಕ ನೋವು ಅಂದವರಲ್ಲ. ಸಣ್ಣ ನಡ ಬೇಕು ಅನ್ನೋ ಆಸೆ ನಿಮಗ ಯಾರು ಹಚ್ಚಿದ್ರು? ಗಟ್ಟಿ ನಡ ಬೇಕು. ಆ ತಾಲೀಮ್ ಈಗ ಸಿಮೆಂಟ್ ಚೀಲದ ಗೋದಾಮು ಆಗ್ಯದ, ಮಣ್ಣಿನ ಮ್ಯಾಲ ಫರ್ಶಿ ಹಾಸ್ಯಾರ. ನೆನಸಿದ್ರ ಹೊಟ್ಟಿ ಉರೀತದ.

ಹಳೇ ಟ್ರೇನರ್:
ಒಂಬತ್ತು ವರ್ಷ ಜಿಮ್‌ನಲ್ಲಿ ಕಲಿಸಿದ್ದೇನೆ, ನನ್ನ ತಪ್ಪನ್ನೇ ಹೇಳ್ತೀನಿ. 'ಬಲ್ಕಿಂಗ್' (ಮೈ ತುಂಬಿಸೋಕೆ ಹೆಚ್ಚು ತಿನ್ನೋದು) ಅಂತ ಒಂದು ವರ್ಷ ದಿನಕ್ಕೆ 12 ಮೊಟ್ಟೆ, 6 ಬಾಳೆಹಣ್ಣು, ರಾತ್ರಿ ಮಲಗೋ ಮುಂಚೆ ಶೇಂಗಾ ಹಾಕಿದ ಹಾಲು. ಮೊಟ್ಟೆಗೇ ತಿಂಗಳಿಗೆ 2,200 ಹೋಗ್ತಿತ್ತು. ತೂಕ 72ರಿಂದ 88, ನಡ 32ರಿಂದ 39. ಸ್ಕ್ವಾಟ್‌ನಿಂದ ನಡ ಬೆಳೆದಿದೆ ಅಂತ ನಾನೂ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಸ್ಕ್ವಾಟ್ ಬಿಡದೇ ಊಟ ಇಳಿಸಿದೆ, ಎಂಟು ತಿಂಗಳಿಗೆ 34ಕ್ಕೆ ಬಂತು. ಪಕ್ಕೆಯ ಸ್ನಾಯು ಸ್ವಲ್ಪ ದಪ್ಪ ಆಗೋದು ನಿಜ, ಆದರೆ ಇಂಚುಗಟ್ಟಲೆ ಏರಿಸೋದು ಕೊಬ್ಬು. ಹೊಟ್ಟೆಯ ವ್ಯಾಯಾಮ ಎಷ್ಟು ಮಾಡಿದ್ರೂ ಅಲ್ಲಿನ ಕೊಬ್ಬು ಮಾತ್ರ ಆರಿಸಿ ಕರಗಿಸೋಕೆ ಆಗಲ್ಲ.

ಅರ್ಧ ಇಂಚು ಅಂತೀರಲ್ಲ, ಟೇಪು ಎಲ್ಲಿ ಇಡ್ತೀರಿ? ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಟ್ಟ ನಡುವೆ ಇಡಬೇಕು. ಬೆಳಿಗ್ಗೆ ಖಾಲಿ ಹೊಟ್ಟೆ, ಸಹಜವಾಗಿ ಉಸಿರು ಬಿಟ್ಟ ಮೇಲೆ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಅಪಾಯ ಹೆಚ್ಚು. 36 ಅಂದರೆ 91 ಮೀರಿತು. ಫೋಟೋ ಚಿಂತೆ ಬಿಟ್ಟು ಅದನ್ನ ನೋಡಿ. ರಾತ್ರಿ ಮೂರು ರೊಟ್ಟಿ ಒಂದಕ್ಕೆ ಇಳಿಸಿ.

ತಾಲೀಮ್ ಕಾಕಾ:
ರೊಟ್ಟಿ ಇಳಿಸು ಅಂತೀರಿ? ಜ್ವಾಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬ್ಯಾಳಿ ತಿಂದೇ ಇಲ್ಲಿನ ಮಂದಿ ಗುಂಡು ಎತ್ಯಾರ. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್ (ಈ ನೆಲದ್ದೇ ಬೆಳಿ ಅನ್ನೋ ಸರ್ಕಾರಿ ಗುರುತು) ಸಿಕ್ಕದ. ನೀವು ಪ್ರೋಟೀನ್ ಪೌಡರ್ ಡಬ್ಬಿ ಮಾರವ್ರು.

ಹಳೇ ಟ್ರೇನರ್:
ಕಾಕಾ, ನಾನು ಒಂದು ಡಬ್ಬಿನೂ ಮಾರಿಲ್ಲ, ಆ ಮಾತು ವಾಪಸ್ ತಗೊಳ್ಳಿ. ಬೇಳೆಗೆ ನಾನು ಬ್ಯಾಡ ಅಂದೆನಾ? 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ತಟ್ಟೆಗೆ ಬೀಳೋ ಒಂದು ಬಟ್ಟಲು ತಿಳಿಸಾರಿನಲ್ಲಿ ಒಣ ಬೇಳೆ 30 ಗ್ರಾಂ ಇದ್ದರೆ ದೊಡ್ಡದು. ಅಂದರೆ ಆರೇಳು ಗ್ರಾಂ. 79 ಕೆಜಿ ಹುಡುಗ ಭಾರ ಎತ್ತಬೇಕು ಅಂದರೆ ದಿನಕ್ಕೆ ನೂರರ ಮೇಲೆ ಬೇಕು. ಗಟ್ಟಿ ಬ್ಯಾಳಿ ಉಣ್ಣಲಿ, ಮೊಟ್ಟೆ, ಮಜ್ಜಿಗೆ, ಕಡಲೆ ತಿನ್ನಲಿ.

ತಾಲೀಮ್ ಕಾಕಾ:
ನಿಮ್ಮ ಮನ್ಯಾಗ ತಿಳಿಸಾರು ಮಾಡ್ತಾರ. ನಮ್ಮ ಮನ್ಯಾಗ ಬ್ಯಾಳಿ ಸೌಟು ನಿಂದ್ರೂ ಹಂಗ ಇರ್ತದ.

ಎರಡು ಮಕ್ಕಳ ತಾಯಿ:
ಆ ಗಟ್ಟಿ ಬ್ಯಾಳಿ ಕುದಿಸೋರು, ಮೇ ತಿಂಗಳ ಬಿಸಲಾಗ ಒಲಿ ಮುಂದ ಕೂತು ರೊಟ್ಟಿ ಬಡಿಯೋರು ಯಾರಂತ ಒಂದ್ಸಲ ಹೇಳ್ರಿ ಕಾಕಾರ. ನಾ ರೊಟ್ಟಿ ಬಿಟ್ಟಿಲ್ಲ, ಎರಡು ತಿಂತೀನಿ. ಮಧ್ಯಾಹ್ನದ ಅನ್ನ, ಸಂಜಿ ಮಿರ್ಚಿ ಭಜಿ ಬಿಟ್ಟೀನಿ. ಭಾರ ಎತ್ತೋದರ ಜೋಡಿ ಅಷ್ಟು ಮಾಡಿದ್ದಕ್ಕೇ ನಾಕು ಇಂಚು ಇಳದದ.

ಸೇಡಂ ರಸ್ತೆ ಹುಡುಗ:
ಟ್ರೇನರ್ ಸರ್ ಹೇಳಿದಂಗ ಇವತ್ತು ಬೆಳಿಗ್ಗೆ ನೋಡಿದೆ. ಇಷ್ಟು ದಿನ ಜಿಮ್ ಮುಗಿಸಿ, ಎರಡು ಲೀಟರ್ ನೀರು ಕುಡಿದು, ಪ್ಯಾಂಟ್ ಪಟ್ಟಿ ಮ್ಯಾಲ ಟೇಪ್ ಸುತ್ತತಿದ್ದೆ. ಬೆಳಿಗ್ಗೆ ಮೂರು ಸಲ ಅಳದೆ: 35, 35, 35¼. ಸ್ಕ್ವಾಟ್ ಬಿಡಂಗಿಲ್ಲ, 100ರ ಮ್ಯಾಲ ಸದ್ಯ ಹೋಗಂಗಿಲ್ಲ. ಶೇರ್ವಾನಿ ಅಳತಿ ಈಗಲೇ ಕೊಡ್ಲ್ಯಾ?

ಎರಡು ಮಕ್ಕಳ ತಾಯಿ:
ಜನವರಿದಾಗ ಕೊಡು. ತೊಡಿ, ತೋಳಿನ ಕಡೆ ಒಳಗ ಒಂದೊಂದು ಇಂಚು ಬಟ್ಟಿ ಬಿಡ್ಲಾಕ ಹೇಳು.

ಆಳಂದ ನಾಕಾ:
ನಿನ್ನ ಇಷ್ಟ ತಮ್ಮಾ. ವಾರಕ್ಕೊಮ್ಮೆ ನಿಂತು ಕೆಮ್ಮಿ ತೊಡಿಸಂದಿ ಮುಟ್ಟಿ ನೋಡ್ಕೋ. ಸಣ್ಣ ಗಂಟು ಸಿಕ್ರೂ ಅವತ್ತೇ ಡಾಕ್ಟರ್ ಕಡೆ ಹೋಗು, ನನ್ನಂಗ ಎರಡು ತಿಂಗಳು ಮುಚ್ಚಿಟ್ಕೋಬ್ಯಾಡ.