ಅಕ್ಯುಪಂಕ್ಚರಿನ ‘ಪಾಯಿಂಟ್’: ಬಿಂದು, ಮರ್ಮ, ಕುಳಿ, ಯಾವುದು ಸರಿ?

ಗೆಳೆಯರೇ, ನಮಸ್ಕಾರ.

ಅಕ್ಯುಪಂಕ್ಚರ್ ಬಗೆಗಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೂಜಿ ಚುಚ್ಚುವ ಜಾಗಕ್ಕೆ ಏನನ್ನಬೇಕು ಅನ್ನುವಲ್ಲೇ ಕೆಲಸ ನಿಂತಿದೆ. ಸಾಮಾನ್ಯವಾಗಿ ಬಿಂದು ಅಂತ ಬರೆಯುತ್ತಾರೆ, ಕೆಲವರು ಮರ್ಮ ಅನ್ನುತ್ತಾರೆ. ನನಗೆ ಎರಡೂ ಒಗ್ಗುತ್ತಿಲ್ಲ.

ಚೀನೀ ಮಾತು ಶ್ಯುಎ. ಹಾಗಂದರೆ ಗುಹೆ, ಬಿಲ, ಪೊಟರೆ. ಅಲ್ಲಿನ ಹಳೆಯ ವೈದ್ಯರು ಮೈಯನ್ನು ನೀರು ಹರಿಯುವ ನಾಡಿನ ಹಾಗೆ ಕಂಡವರು. ಸುಮಾರು 2000 ವರ್ಷ ಹಳೆಯ ವೈದ್ಯಗ್ರಂಥ ‘ಹುವಾಂಗ್‌ದಿ ನೈಜಿಂಗ್’ನಲ್ಲಿ ಮೈಯೊಳಗಿನ 12 ಹರಿವುಗಳನ್ನು ಚೀನಾದ 12 ನದಿಗಳ ಜೊತೆ ಇಟ್ಟು ನೋಡಿದ್ದಾರೆ. ಈ ಹರಿವುಗಳ ಮೇಲಿನ ಜಾಗಗಳಿಗೂ ನೀರಿನ ಹೆಸರೇ: ಬೆರಳ ತುದಿಯದು ಬಾವಿ, ಆಮೇಲೆ ಬುಗ್ಗೆ, ತೊರೆ, ನದಿ, ಮೊಣಕೈ ಮೊಣಕಾಲಿನ ಹತ್ತಿರ ಬಂದರೆ ಸಮುದ್ರ. ಅಂಗಾಲಿನ ಒಂದು ಜಾಗಕ್ಕೆ ‘ಉಕ್ಕುವ ಬುಗ್ಗೆ’ ಅಂತ ಹೆಸರು. ಮೊಣಕೈ ಮಡಿಕೆಯ ತುದಿಯದು ‘ಡೊಂಕು ಕೊಳ’.

ಇದು ಸುಮ್ನೆ ಚಂದಕ್ಕೆ ಇಟ್ಟ ಹೆಸರಲ್ಲ, ಕೈಕೆಲಸವೂ ಹಾಗೇ ನಡೆಯುತ್ತದೆ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಗಲ ಇಳಿದು, ಕಣಕಾಲಿನ ಮುಂದಿನ ಮೂಳೆಯಿಂದ ಒಂದು ಬೆರಳಗಲ ಹೊರಗೆ ಸರಿದರೆ ಜೂಸಾನ್‌ಲಿ ಅನ್ನುವ ಜಾಗ. ಬೆರಳು ರೋಗಿಯದೇ ಆಗಬೇಕು, ಏಕೆಂದರೆ ಅಳತೆ ಅವರವರ ಮೈಗೆ ತಕ್ಕದ್ದು. (ಈ ನಾಲ್ಕು ಬೆರಳಗಲ ಚೀನೀ ಅಳತೆಯಲ್ಲಿ ಮೂರು ‘ತ್ಸುನ್’. ಅದನ್ನೇ ‘ಮೂರು ಅಂಗುಲ’ ಅಂತ ಬರೆದುಬಿಟ್ಟರೆ ಇವತ್ತಿನ ಓದುಗರು ಟೇಪು ಹಿಡಿದು ಮೂರು ಇಂಚು ಅಳೆಯುತ್ತಾರೆ, ಅದು ಬೇಡ.) ಅಷ್ಟಾದ ಮೇಲೂ ಸೀದಾ ಚುಚ್ಚುವುದಿಲ್ಲ, ಸುತ್ತಮುತ್ತ ಒತ್ತಿ ನೋಡಿ, ಬೆರಳು ಎಲ್ಲಿ ಕೊಂಚ ಒಳಗೆ ಇಳಿಯುತ್ತದೋ, ಎಲ್ಲಿ ಒತ್ತಿದರೆ ರೋಗಿ ‘ಹಾಂ, ಅಲ್ಲೇ’ ಅನ್ನುತ್ತಾರೋ ಅಲ್ಲಿಗೆ ಸೂಜಿ ಹೋಗುತ್ತದೆ. ಬಿಂದು ಅಂದರೆ ಪಟದ ಮೇಲಿನ ಚುಕ್ಕೆ ನೆನಪಾಗುತ್ತದೆ, ಬೆರಳಿಗೆ ಸಿಗುವ ತಗ್ಗು ನೆನಪಾಗುವುದಿಲ್ಲ.

ವಾಂಗ್ ವೇಯ್‌ಯಿ ಎಂಬ ವೈದ್ಯ 1027ರಲ್ಲಿ ಮಾಡಿಸಿದ ಕಂಚಿನ ಗೊಂಬೆಯಲ್ಲೂ ಈ ಜಾಗಗಳು ನಿಜವಾದ ತೂತುಗಳೇ. ಮೇಲೆ ಮೇಣ ಬಳಿದು ಒಳಗೆ ನೀರು ತುಂಬಿ ಪರೀಕ್ಷೆ ಮಾಡುತ್ತಿದ್ದರಂತೆ. ಸರಿಯಾಗಿ ಚುಚ್ಚಿದರೆ ನೀರು ಬರಬೇಕು.

ಮರ್ಮ ಅಂತೂ ಪೂರ್ತಿ ಉಲ್ಟಾ. ಸುಶ್ರುತ ಹೇಳುವ 107 ಮರ್ಮಗಳು ಪೆಟ್ಟು ಬೀಳಬಾರದ ಜಾಗಗಳು, ಶಸ್ತ್ರ ಹಿಡಿದವನು ತಪ್ಪಿಸಿಕೊಂಡು ಹೋಗಬೇಕಾದವು. ನಾವೂ ಮರ್ಮಕ್ಕೆ ತಾಗುವ ಮಾತು ಅನ್ನುತ್ತೇವೆ, ಅಲ್ವಾ? ಬೇಕೆಂದೇ ಸೂಜಿ ಇಡುವ ಜಾಗಕ್ಕೆ ಆ ಹೆಸರು ಕೊಟ್ಟರೆ ಓದುವವರಿಗೆ ಗೊಂದಲ ಜಾಸ್ತಿ. ನನ್ನ ಒಲವು ಕುಳಿ ಕಡೆಗೆ. ಹಲ್ಲಿನ ಕುಳಿ ನೆನಪಾಗಬಹುದು ಅನ್ನುವುದೊಂದೇ ಅಳುಕು.

ಹರಿವಿನ ದಾರಿಗೆ ನಾಡಿ ಸಾಕು ಅನ್ನಿಸುತ್ತದೆ. ಚೀನೀಯಲ್ಲೂ ಹಳೆಯ ಪದ ಒಂದೇ, ಮಣಿಕಟ್ಟಿನಲ್ಲಿ ಮಿಡಿಯುವುದಕ್ಕೂ ಅದೇ, ಒಳಗೆ ಹರಿಯುವ ದಾರಿಗೂ ಅದೇ. ಆಮೇಲೆ ಬಂದ ‘ಜಿಂಗ್’ಗೆ ಮಗ್ಗದ ಹಾಸು ಅನ್ನುವ ಅರ್ಥವೂ ಇದೆ. ಇಂಗ್ಲಿಷಿನಲ್ಲಿ ಈ ದಾರಿಗೆ ಹೇಳುವ ಮೆರಿಡಿಯನ್ ಅನ್ನುವುದನ್ನು ಹಿಡಿದು ‘ರೇಖೆ’ ಅಂತ ಬರೆದರೆ ನೀರೂ ಹೋಯಿತು, ನೂಲೂ ಹೋಯಿತು.

ಇನ್ನು ನಿಮ್ಮ ಸಹಾಯ ನಿಜಕ್ಕೂ ಬೇಕಾಗಿರುವುದು ಇಲ್ಲಿ. ಸೂಜಿ ಸರಿಯಾದ ಕಡೆ ಕೂತಾಗ ಆಗುವ ಅನುಭವಕ್ಕೆ ‘ದೆಚಿ’ ಅನ್ನುತ್ತಾರೆ, ಅಂದರೆ ಚೀ (ಮೈಯೊಳಗೆ ಹರಿಯುತ್ತದೆ ಅಂತ ಅವರು ನಂಬುವ ಜೀವಶಕ್ತಿ) ಬಂದು ಮುಟ್ಟುವುದು. ವೈದ್ಯನ ಬೆರಳಿಗೆ ಅದು ಮೀನು ಗಾಳ ಕಚ್ಚಿದ ಹಾಗೆ ತಿಳಿಯುತ್ತದೆ ಅಂತ ಹಳೆಯ ಪದ್ಯವೊಂದು ಹೇಳುತ್ತದೆ. ರೋಗಿಗೆ ಆಗುವುದನ್ನು ಹೇಳಲು ಚೀನೀಯಲ್ಲಿ ನಾಲ್ಕು ಮಾತಿವೆ. ಮೂರಕ್ಕೆ ಜೋಮು, ಭಾರ, ಒಳಗಿಂದ ಉಬ್ಬಿ ಬಿಗಿದಂತೆ ಅಂತ ಬರೆದುಕೊಂಡಿದ್ದೇನೆ. ನಾಲ್ಕನೆಯದು ‘ಸ್ವಾನ್’, ಹುಳಿರುಚಿಗೂ ಅದೇ ಪದ. ಬೆಟ್ಟ ಹತ್ತಿಳಿದ ಮಾರನೇ ದಿನ ತೊಡೆಯಲ್ಲಿ ಇರುತ್ತದಲ್ಲ, ಅದು. ‘ನೋವು’ ಅಂತ ಬರೆಯಲು ಆಗದು, ಚುರುಕ್ ಅನ್ನುವ ನೋವಾದರೆ ಸೂಜಿಯನ್ನು ಸರಿಪಡಿಸಬೇಕು, ಸ್ವಾನ್ ಆದರೆ ಹಾಗೇ ಬಿಡಬೇಕು. ‘ಸೆಳೆತ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಎಳೆದಂತಾಗುವುದೇ ಮುಂದೆ. ಧಾರವಾಡ, ಕುಂದಾಪುರ, ಚಾಮರಾಜನಗರದ ಕಡೆಯವರು, ದಿನವಿಡೀ ನಾಟಿ ಮಾಡಿ ಬಂದವರ ಬಾಯಲ್ಲಿ ಇದಕ್ಕೆ ಯಾವ ಮಾತು ಕೇಳಿದ್ದೀರಿ?